ಅತ್ತೆ ಹೆಪ್ಪು

ನನ್ನ ಮೊಸರನ್ನು ಸಿಂಕಿಗೆ ಸುರಿದರು. ಗಂಡ ಹೋದ ದುಃಖವನ್ನು ಹೇಗೋ ಹಲ್ಲು ಕಚ್ಚಿ ತಡೆದುಕೊಂಡಿದ್ದೆ. ಇದನ್ನು ತಡೆಯಲು ಆಗಲಿಲ್ಲ.

ಸುರಿದವಳು ನನ್ನ ಸೊಸೆ ರಮ್ಯ. ಒಳ್ಳೆಯವಳೇ. (ಇದನ್ನು ಮೊದಲೇ ಹೇಳಿಬಿಟ್ಟೆ. ಇನ್ನೊಂದು ಸಲ ಹೇಳುವುದಿಲ್ಲ.) ನಮ್ಮ ಯಜಮಾನರ ತಿಥಿ ಮುಗಿದ ಮಾರನೇ ದಿನ ಅವಳಿಗೆ ಕ್ಲೀನಿಂಗ್ ಹುಚ್ಚು ಹಿಡಿಯಿತು. ಫ್ರಿಜ್ಜಿನಲ್ಲಿದ್ದದ್ದನ್ನೆಲ್ಲ ಎಳೆದು ಹೊರಗೆ ಹಾಕಿದಳು. ಹಿಂದೆ, ಮೂಲೆಯಲ್ಲಿ, ಒಂದು ಸ್ಟೀಲ್ ಡಬ್ಬಿ ಇತ್ತು. ಅವರು ಹೋಗುವ ಹಿಂದಿನ ರಾತ್ರಿ ನಾನು ಹೆಪ್ಪು ಹಾಕಿದ್ದ ಮೊಸರು. ಬೆಳಿಗ್ಗೆ ಕೆನೆಯನ್ನು ಅವರೇ ಸೌಟಿನಲ್ಲಿ ತೆಗೆದು ಮುದ್ದೆಯ ಪಕ್ಕ ಹಾಕಿಕೊಂಡಿದ್ದರು. ಮಧ್ಯಾಹ್ನ ಅವರು ಇರಲಿಲ್ಲ. ಸೌಟು ಇಳಿದ ಗುಂಡಿ ಮೊಸರಿನಲ್ಲಿ ಹಾಗೇ ಇತ್ತು. ಸೂತಕದ ದಿನಗಳಲ್ಲಿ ಆಗಾಗ ಫ್ರಿಜ್ ತೆಗೆದು ನೋಡಿ ಮುಚ್ಚುತ್ತಿದ್ದೆ.

“ಅತ್ತೆ, ವಾಸನೆ ಬಂದಿತ್ತು.”

“ಮೊಸರು ಮೊಸರಿನ ವಾಸನೆ ಬರದೆ ಮಲ್ಲಿಗೆ ವಾಸನೆ ಬತ್ತದಾ?”

“ಪ್ಯಾಕೆಟ್ ತರಿಸಿದ್ದೀನಲ್ಲ ಅತ್ತೆ. ಹತ್ತೇ ನಿಮಿಷಕ್ಕೆ ಬಂತು.”

“ಹತ್ತು ನಿಮಿಷಕ್ಕೆ ಬರಾಕೆ ಅದೇನು ಮೊಸರಾ, ಆಂಬುಲೆನ್ಸಾ?”

(ಆಂಬುಲೆನ್ಸು ಹತ್ತು ನಿಮಿಷಕ್ಕೆ ಬರಲಿಲ್ಲ. ಅದು ಬೇರೆ ಮಾತು.)

ಆ ಹೆಪ್ಪು ಅಂತಿಂಥದ್ದಲ್ಲ. ನಮ್ಮತ್ತೆಯ ಕೈಯದು. ನಾನು ಕೊಡಿಗೇಹಳ್ಳಿಗೆ ಮದುವೆಯಾಗಿ ಬಂದಾಗ ಅತ್ತೆ ನನಗೆ ಒಡವೆ ಪೆಟ್ಟಿಗೆಯ ಬೀಗದ ಕೈ ಕೊಡಲಿಲ್ಲ. (ಒಡವೆಯೂ ಇರಲಿಲ್ಲ, ಪೆಟ್ಟಿಗೆಯೂ ಇರಲಿಲ್ಲ.) ಮೊಸರಿನ ಕುಡಿಕೆ ಕೊಟ್ಟರು. “ಇದು ಮುರಿದ್ರೆ ಮನೆ ಮುರಿದಂಗೆ ಕಣೇ” ಎಂದರು. ಅಲ್ಲಿಂದ ಇವತ್ತಿನ ಮೊಸರಲ್ಲಿ ಒಂದು ಚಮಚ ನಾಳೆಯ ಹಾಲಿಗೆ, ನಾಳೆಯದರಲ್ಲಿ ಒಂದು ಚಮಚ ನಾಡಿದ್ದಿಗೆ. ರಾಜರಿಗೆ ಸೂರ್ಯವಂಶ, ಚಂದ್ರವಂಶ ಇದ್ದ ಹಾಗೆ ನಮ್ಮದು ಮೊಸರುವಂಶ. ಒಂದು ದಿನವೂ ಕಡಿಯದ ವಂಶ. ಹೀಗೆಂದು ನಾನು ಊರಿಗೆಲ್ಲ ಹೇಳಿದ್ದೆ. ಕೇಳಿದವರಿಗೂ ಹೇಳಿದ್ದೆ, ಕೇಳದವರಿಗೂ ಹೇಳಿದ್ದೆ.

ಗಲಾಟೆ ಕೇಳಿ ಮಗ ಮಹೇಂದ್ರ ಮಹಡಿಯಿಂದ ಇಳಿದು ಬಂದ.

“ಅಮ್ಮಾ, ಒಂದ್ ಬಟ್ಟಲು ಮೊಸರಿಗೆ ಯಾಕಮ್ಮ ಇಷ್ಟು? ಈಗ ನಮಗೇನ್ ಕಮ್ಮಿ ಹೇಳು.”

ಕಮ್ಮಿ ಏನೂ ಇಲ್ಲ. ಏರ್‌ಪೋರ್ಟ್ ರೋಡು ಬಂತು. ರೋಡಿನ ಹಿಂದೆ ದುಡ್ಡು ಬಂತು. ದುಡ್ಡಿನ ಹಿಂದೆ ಗೇಟು ಬಂತು. ದನದ ಕೊಟ್ಟಿಗೆ ಇದ್ದ ಜಾಗದಲ್ಲಿ ಪೀಜಿ ಎದ್ದಿತು. ಮೊದಲು ಹಸು ಕಟ್ಟಿದ್ದ ಕಡೆ ಈಗ ಹುಡುಗರನ್ನು ಕಟ್ಟಿದ್ದೇವೆ. (ಹಸು ಹಾಲು ಕೊಡುತ್ತಿತ್ತು. ಇವರು ಬಾಡಿಗೆ ಕೊಡುತ್ತಾರೆ. ಸಗಣಿ ಮಾತ್ರ ಇಬ್ಬರದೂ ನಾವೇ ಬಾಚಬೇಕು.) ಬಾಗಿಲು ತೆಗೆದಿಟ್ಟರೆ ಕೂಗುವ ಫ್ರಿಜ್ ಇದೆ. ಮನೆಯಲ್ಲಿ ನನ್ನನ್ನು ಕೂಗುವುದು ಅದೊಂದೇ.

ಮೊದಲು ಕಮ್ಮಿ ಇತ್ತು. ಅದಕ್ಕೇ ಜನ ಬರುತ್ತಿದ್ದರು. ಒಬ್ಬರಿಗೆ ಬೆಲ್ಲ ಕಮ್ಮಿ, ಒಬ್ಬರಿಗೆ ಸೀಮೆಎಣ್ಣೆ ಕಮ್ಮಿ, ಎಲ್ಲರಿಗೂ ಹೆಪ್ಪು ಕಮ್ಮಿ. ಬಟ್ಟಲು ಹಿಡಿದು ಬಂದವರು ಹೆಪ್ಪು ತೆಗೆದುಕೊಂಡು ಸುಮ್ಮನೆ ಹೋಗುತ್ತಿರಲಿಲ್ಲ. ಕಟ್ಟೆ ಮೇಲೆ ಕೂತು ಅತ್ತೆಯನ್ನು ಬೈದು, ಗಂಡನನ್ನು ಬೈದು, ಹಗುರಾಗಿ ಹೋಗುತ್ತಿದ್ದರು. ಒಂದೇ ಕಾನೂನು. ದೀಪ ಹಚ್ಚಿದ ಮೇಲೆ ನಾನು ಯಾರಿಗೂ ಹೆಪ್ಪು ಕೊಡುತ್ತಿರಲಿಲ್ಲ. ಊರಲ್ಲಿ ಯಾರೂ ಕೊಡುತ್ತಿರಲಿಲ್ಲ. ಲಕ್ಷ್ಮಿ ಹೊರಟುಹೋಗುತ್ತಾಳೆ ಎಂದು. ಲಕ್ಷ್ಮಿ ಹೋಗಲಿಲ್ಲ. ಜನ ಹೋದರು.

“ಮೊಸರು ಅಂದ್ರೆ ಬ್ಯಾಕ್ಟೀರಿಯಾ ಅತ್ತೆ. ಎಲ್ಲಾ ಒಂದೇ” ಎಂದಳು ರಮ್ಯ.

“ನಿನ್ನ ಗಂಡ ಅದೇ ಬ್ಯಾಕ್ಟೀರಿಯಾ ತಿಂದು ಬೆಳೆದಿರಾದು. ನೋಡಿದ್ರೆ ಗೊತ್ತಾಗಲ್ವಾ?”

“ಗೊತ್ತಾಗುತ್ತೆ” ಎಂದಳು. (ಅದರಲ್ಲಿ ಏನೋ ಇತ್ತು. ಬಿಟ್ಟೆ.)

“ನೋಡು ರಮ್ಯ. ಈ ಬೀದಿಗೆಲ್ಲ ನಾನು ಹೆಪ್ಪು ಕೊಟ್ಟಿವ್ನಿ. ಯಾವುದಾದ್ರೂ ಒಂದು ಮನೇಲಿ ಅದು ಇದ್ದೇ ಇರ್ತದೆ. ಅತ್ತೆ ಹೆಪ್ಪು ತಂದೇ ತರ್ತೀನಿ. ತಂದ್ರೆ ದಿನಾ ನೀನೇ ಕೈಯಾರ ಹೆಪ್ಪು ಹಾಕ್ಬೇಕು. ಪ್ಯಾಕೆಟ್ಟು ಹೊಸಿಲು ದಾಟಂಗಿಲ್ಲ.”

“ತರದಿದ್ರೆ?”

“ಸಾಯೋ ತನಕ ಪ್ಯಾಕೆಟ್ ಮೊಸರು ತಿಂತೀನಿ. ಉಸಿರು ಎತ್ತಲ್ಲ.”

ಉಸಿರು ಎತ್ತಲ್ಲ ಎಂದಿದ್ದು ಕೇಳಿ ರಮ್ಯ ತಕ್ಷಣ ಒಪ್ಪಿದಳು.

ಮಾರನೇ ಬೆಳಿಗ್ಗೆ ಹಿತ್ತಾಳೆ ಬಟ್ಟಲು ಹಿಡಿದು ದಂಡಯಾತ್ರೆ ಹೊರಟೆ. ಗಂಡ ಸತ್ತವಳು ವರ್ಷ ತುಂಬುವ ತನಕ ಬೇರೆಯವರ ಹೊಸಿಲು ದಾಟಬಾರದು ಎನ್ನುತ್ತಾರೆ. ದಾಟಿದೆ. ಎದುರು ಬಂದವರಿಗೆ ಅಪಶಕುನ ಆದರೆ ಆಗಲಿ. ನನಗೆ ಆಗಿರುವುದಕ್ಕಿಂತ ದೊಡ್ಡದು ಯಾರಿಗಾಗುತ್ತದೆ?

ಮೊದಲು ಪಕ್ಕದ ಮನೆ ರತ್ನಕ್ಕ. ಒಂದು ಕಾಲದಲ್ಲಿ ನಮ್ಮಿಬ್ಬರ ಹಿತ್ತಲಿಗೆ ನಡುವೆ ಇದ್ದದ್ದು ಲಂಟಾನ ಬೇಲಿ. ಈಗ ಆನೆ ಬಂದರೂ ಬಗ್ಗದ ಗೇಟು. ಗುಂಡಿ ಒತ್ತಿದೆ. ಗೋಡೆ ಮಾತಾಡಿತು.

“ಯಾರೂ?”

“ನಾನು ಕಣಕ್ಕ, ಲಕ್ಕಮ್ಮ.”

“ಕಾಣ್ತಾ ಇದೆ ಹೇಳು.”

“ಕಾಣ್ತಾ ಇದ್ರೆ ಯಾರು ಅಂತ ಯಾಕ್ ಕೇಳ್ತೀಯ? ಗೇಟ್ ತೆಗಿ.”

“ರಿಮೋಟು ಮಗನ ಕಾರಲ್ಲಿದೆ ಕಣೇ. ಏನ್ ಸಮಾಚಾರ?”

“ಒಂಚೂರು ಹೆಪ್ಪು ಬೇಕಿತ್ತು.”

ಗೋಡೆ ಗಂಟಲು ಸರಿಮಾಡಿಕೊಂಡಿತು. ಆಮೇಲೆ ಮೆತ್ತಗೆ ಕೇಳಿತು. “ಮನೇಲಿ… ಮಹೇಂದ್ರ ಚೆನ್ನಾಗಿ ನೋಡ್ಕೊತಿದಾನಾ?”

ರತ್ನಕ್ಕನ ಮನೆಯಲ್ಲಿ ಈಗ ಗ್ರೀಕ್ ಮೊಸರಂತೆ. ಗ್ರೀಕು ಎಲ್ಲಿದೆಯೋ ಗೊತ್ತಿಲ್ಲ, ಕೊಡಿಗೇಹಳ್ಳಿಗೆ ಅಲ್ಲಿಂದ ಹೆಪ್ಪು ಬರುತ್ತದೆ. ಪಕ್ಕದ ಮನೆಯಿಂದ ಬರುವುದಿಲ್ಲ.

ಗೌರಮ್ಮ ನಾಲ್ಕು ಮಹಡಿ ಕಟ್ಟಿಸಿ ಮೇಲಿನದರಲ್ಲಿ ಕೂತಿದ್ದಾಳೆ. ಬಾಲ್ಕನಿಯಿಂದಲೇ ಮಾತು. ಡಾಕ್ಟರು ಮೊಸರು ಬಿಡು ಎಂದರಂತೆ. “ಬೇಜಾರ್ ಮಾಡ್ಕೋಬ್ಯಾಡ ಕಣೇ” ಎಂದು ನಾಲ್ಕನೇ ಮಹಡಿಯಿಂದ ಸಮಾಧಾನ ಹೇಳಿದಳು. ಕೆಳಗೆ ಬರುವ ಹೊತ್ತಿಗೆ ಅರ್ಧ ಸಮಾಧಾನ ಗಾಳಿಗೆ ಹೋಯಿತು.

ಸಂಜೆಯ ಹೊತ್ತಿಗೆ ಸುದ್ದಿ ನನಗಿಂತ ಮುಂಚೆ ಊರೆಲ್ಲ ಸುತ್ತಿತ್ತು. ಮಹೇಂದ್ರನ ತಾಯಿ ಬಟ್ಟಲು ಹಿಡಿದು ಮನೆ ಮನೆ ತಿರುಗುತ್ತಿದ್ದಾಳೆ. ಅಪ್ಪ ಕಣ್ಣು ಮುಚ್ಚಿದ್ದೇ ತಡ, ಸೊಸೆ ಅನ್ನ ಹಾಕುತ್ತಿಲ್ಲ. ಪೀಜಿ ಬ್ಯಾಂಕಿನವರ ಪಾಲಾಗಿದೆ.

ಊರಿಗೆ ಕರುಣೆ ಉಕ್ಕಿತು. ನಮ್ಮ ಗೇಟಿನ ಮುಂದೆ ಡೆಲಿವರಿ ಬೈಕುಗಳು ನಿಂತವು. ರತ್ನಕ್ಕ ಮೊಸರು ಪ್ಯಾಕೆಟ್ ಕಳಿಸಿದ್ದಳು. ಗೌರಮ್ಮ ಕಳಿಸಿದ್ದಳು. ನನಗೆ ಮುಖ ನೆನಪಿಲ್ಲದವರೂ ಕಳಿಸಿದ್ದರು. ಒಬ್ಬರು ಮೊಸರಿನ ಜೊತೆ ಉಪ್ಪಿನಕಾಯಿಯನ್ನೂ ಕಳಿಸಿದ್ದರು. ಮೊಸರು ಬಂತು, ಮೊಸರು ಬಂತು, ಮನುಷ್ಯರು ಯಾರೂ ಬರಲಿಲ್ಲ. ಎಲ್ಲವನ್ನೂ ಪೀಜಿ ಹುಡುಗರಿಗೆ ಹಂಚಿದೆ. ಅವರು ಮಾತ್ರ ಆ ದಿನ ಬಹಳ ಸಂತೋಷವಾಗಿದ್ದರು.

ಮಹೇಂದ್ರ ತಲೆ ಮೇಲೆ ಕೈ ಹೊತ್ತು ಕೂತ.

“ಅಮ್ಮಾ, ನನ್ನ ಮಾನ ಹೋಯ್ತು ಕಣಮ್ಮ.”

“ಹತ್ತು ನಿಮಿಷಕ್ಕೆ ಇನ್ನೊಂದು ತರಿಸ್ಕೋ.”

“ಎಲ್ರೂ ಬಿಟ್ಬಿಟ್ಟಿದಾರೆ ಹೆಪ್ಪು ಹಾಕೋದನ್ನ. ಯಾರ ಮನೇಲೂ ಇಲ್ಲ.”

ರಮ್ಯ ಪ್ಯಾಕೆಟ್ ಕತ್ತರಿಸಿ ಬಟ್ಟಲಿಗೆ ಸುರಿದು ನನ್ನ ಮುಂದೆ ಇಟ್ಟಳು. ಕಣ್ಣಲ್ಲೇ ಗೆದ್ದಿದ್ದಳು. ನಾನು ಒಂದು ತುತ್ತು ಬಾಯಿಗಿಟ್ಟೆ. ಪೆನ್ಸಿಲ್ ರಬ್ಬರಿನ ಹಾಗಿತ್ತು. ಸೌಟಿನ ಗುಂಡಿ ಕಣ್ಣ ಮುಂದೆ ಬಂತು. ಅವರು ತಿಂದ ಮೊಸರಿನ ಮಿಕ್ಕ ಭಾಗ ಈ ಭೂಮಿಯ ಮೇಲೆ ಎಲ್ಲೂ ಇಲ್ಲವೇ?

ಆಗ ನೆನಪಾದಳು ಶಹರ್‌ಬಾನು.

ನಮ್ಮ ಕೊಟ್ಟಿಗೆಯ ಹಿಂದಿನ ಓಣಿಯಲ್ಲಿ ಅವರ ಮನೆ ಇತ್ತು. ಅವಳ ಅತ್ತೆ ಮೆಹಬೂಬ್ ಬೀ. ಗಂಡ ಮಂಜೂರ್ ವೆಲ್ಡಿಂಗ್ ಮಾಡುತ್ತಿದ್ದ. ಅವನೂ ನಮ್ಮ ಯಜಮಾನರೂ ಒಂದೇ ಬೀಡಿ ಹಂಚಿಕೊಂಡು ಸೇದಿದವರು. ಈಗ ಅವಳ ಮಗ ಉಜೈರ್ ದೊಡ್ಡ ಕಟ್ಟಡಗಳಿಗೆ ಗಾಜಿನ ಕಿಟಕಿ ಹಾಕಿಸುವ ಕಂಟ್ರಾಕ್ಟರು. ಕೋಗಿಲಿನಲ್ಲಿ ಫ್ಲಾಟು. ನಮ್ಮ ಯಜಮಾನರ ಮಣ್ಣಿಗೆ ಉಜೈರ್ ಬಂದಿದ್ದ. ಅಮ್ಮನಿಗೆ ಮೊಣಕಾಲು ಆಪರೇಷನ್, ಎದ್ದು ಓಡಾಡಲು ಆಗುತ್ತಿಲ್ಲ ಎಂದಿದ್ದ.

ಶಹರ್‌ಬಾನು ಹೊಸ ಮದುವಣಗಿತ್ತಿಯಾಗಿ ಬಂದಾಗ ನಾನೇ ಹೋಗಿ ಹೆಪ್ಪು ಕೊಟ್ಟಿದ್ದೆ. ಮೆಹಬೂಬ್ ಬೀ ಎದುರಿಗೇ ದೊಡ್ಡ ಭಾಷಣ ಮಾಡಿದ್ದೆ. “ನಮ್ಮತ್ತೆ ಕೈಯಿಂದ ಬಂದದ್ದು. ಹಾಲು ಉಗುರುಬೆಚ್ಚಗಿರಬೇಕು. ಚಮಚ ಒದ್ದೆ ಇರಬಾರದು. ವಂಶ ಕಡಿಬಾರದು.” ಮೆಹಬೂಬ್ ಬೀ ಸೆರಗು ಬಾಯಿಗೆ ಒತ್ತಿಕೊಂಡು ಕೇಳಿದ್ದರು. ಭಕ್ತಿ ಎಂದುಕೊಂಡಿದ್ದೆ.

“ಫೋನ್ ಮಾಡಿ ಹೋಗಮ್ಮ” ಎಂದ ಮಗ.

“ಹೆಪ್ಪು ಕೇಳಾಕೆ ಅಪಾಯಿಂಟ್‌ಮೆಂಟಾ?”

ಮಾರನೇ ಸಂಜೆ ರಮ್ಯ ತನ್ನ ಸ್ಕೂಟಿ ತೆಗೆದಳು. ಪಂದ್ಯಕ್ಕೆ ಸಾಕ್ಷಿ ಬೇಕಲ್ಲ. ಯಲಹಂಕದ ಟ್ರಾಫಿಕ್ಕಿನಲ್ಲಿ ಬಟ್ಟಲನ್ನು ಮಡಿಲಲ್ಲಿ ಹಿಡಿದು ಕೂತೆ. ಪಕ್ಕದ ಬಸ್ಸಿನಿಂದ ಒಬ್ಬರು ಅದಕ್ಕೆ ಎರಡು ರೂಪಾಯಿ ಹಾಕಿದರು. ಈ ವಿಷಯ ಮಹೇಂದ್ರನಿಗೆ ಹೇಳಿಲ್ಲ.

ಫ್ಲಾಟಿನ ಗೇಟಿನಲ್ಲಿ ಸ್ಕೂಟಿ ಒಳಗೆ ಬಿಡಲಿಲ್ಲ. ರಮ್ಯ ನಿಲ್ಲಿಸಲು ಜಾಗ ಹುಡುಕಿಕೊಂಡು ಹೋದಳು. ನಾನೂ ವಾಚ್‌ಮನ್ನೂ ಉಳಿದೆವು. ಉತ್ತರ ಕರ್ನಾಟಕದವನು. ಫೋನಿನಲ್ಲಿ ಮೇಲಕ್ಕೆ ಹೇಳಿದ.

“ಮೇಡಂ, ಲಕ್ಕಮ್ಮ ಅಂತ ಬಂದಾರ್ರಿ.” ಕೇಳಿಸಿಕೊಂಡು ಇಟ್ಟ. “ಇವತ್ತ ಸೊಪ್ಪು ಬ್ಯಾಡಂತ್ರಿ ಯಮ್ಮಾ.”

“ನಾನು ಸೊಪ್ಪಿನೋಳಲ್ಲ ಕಣಪ್ಪಾ. ಬೇರೆ ಲಕ್ಕಮ್ಮ.”

“ಹಂಗಾದ್ರ ಯಜಮಾನ್ರ ಹೆಸರ ಹೇಳ್ರಿ. ಮೊಬೈಲ್‌ನಾಗ ಹಾಕ್ಬೇಕ್ರಿ.”

“ಅದು ಹೇಳಂಗಿಲ್ಲ.”

“ಯಾಕ್ರಿ, ಪೊಲೀಸ್ ಕೇಸ್ ಐತೇನ್ರಿ?”

ಗಂಡನ ಹೆಸರು ಬಾಯಲ್ಲಿ ಹೇಳಬಾರದು ಎಂದು ನಮ್ಮತ್ತೆ ನನ್ನ ಬಾಯಿ ಕಟ್ಟಿದ್ದರು. ಹೇಳಿದರೆ ಅವರ ಆಯುಸ್ಸು ಕಮ್ಮಿಯಾಗುತ್ತದಂತೆ. ರೇಷನ್ ಅಂಗಡಿಯಲ್ಲೂ ಹೇಳಲಿಲ್ಲ, ಓಟಿನ ದಿನವೂ ಹೇಳಲಿಲ್ಲ. ಹೇಳದೆಯೇ ಹೋದರು. ಆದರೂ ನಾಲಿಗೆ ಏಳುವುದಿಲ್ಲ.

“ಸುಳಿವು ಕೊಡ್ತೀನಿ, ನೀನೇ ಹಿಡ್ಕೋ. ಮೊದ್ಲು ದೊಡ್ಡದಲ್ಲ. ಆಮೇಲೆ ಲಂಕೆ ಸುಟ್ಟೋನು.”

ಅವನು ಟೋಪಿ ತೆಗೆದು ತಲೆ ಕೆರೆದ.

“ದೊಡ್ಡದಲ್ಲ ಅಂದ್ರ ಸಣ್ಣದು… ಸುಟ್ಟಿದ್ದು ಬೆಂಕಿ… ಸಣ್ಣಬೆಂಕೆಪ್ಪ ಏನ್ರಿ?”

ನಾನು ಹಣೆ ಚಚ್ಚಿಕೊಂಡೆ. ಅದನ್ನು ಹೌದು ಎಂದು ತಿಳಿದು ಮೊಬೈಲಿಗೆ ಹಾಕಿದ. ಮೇಲಕ್ಕೆ ಫೋನ್ ಮಾಡಿದ. “ಸಣ್ಣಬೆಂಕೆಪ್ಪನವರ ಮನಿಯವರಂತ್ರಿ.” ಮೇಲಿನಿಂದ ಗೊತ್ತಿಲ್ಲ ಎಂದರು.

“ಏಯ್, ಹೆಪ್ಪು ಲಕ್ಕಮ್ಮ ಅನ್ನಯ್ಯ!” ಎಂದು ಕಿರುಚಿದೆ.

ಫೋನಿನೊಳಗೆ ಶಹರ್‌ಬಾನುಗೇ ಕೇಳಿಸಿತು. ಅವಳು ಕಿರುಚಿದ್ದು ನನಗೂ ಕೇಳಿಸಿತು. ಸ್ವಲ್ಪ ಹೊತ್ತಿಗೆ ಶಹರ್‌ಬಾನು ಕೋಲು ಊರಿಕೊಂಡು ಲಿಫ್ಟಿನಿಂದ ಹೊರಬಂದಳು. ನನ್ನ ಬರಿ ಹಣೆ ನೋಡಿದಳು. ಕೋಲು ಬಿಟ್ಟು ನನ್ನನ್ನೇ ಹಿಡಿದುಕೊಂಡಳು. ಅಷ್ಟು ದಿನದಲ್ಲಿ ಪ್ಯಾಕೆಟ್ ಕಳಿಸದೆ ನನ್ನನ್ನು ಮುಟ್ಟಿದವಳು ಅವಳೊಬ್ಬಳೇ.

ಮೇಲೆ ಹೋದೆವು. ಮನೆಯ ತುಂಬ ಬಿಳಿ ಕಲ್ಲು, ಬಿಳಿ ಸೋಫಾ. ರಮ್ಯಳ ಕಣ್ಣು ಅರಳಿತು. ನಾನು ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಇಷ್ಟು ದುಡ್ಡಿರುವ ಮನೆಯಲ್ಲಿ ಹೆಪ್ಪು ಎಲ್ಲಿರುತ್ತದೆ?

“ಬಾನೂ, ನಾಚಿಕೆ ಬಿಟ್ಟು ಕೇಳ್ತೀನಿ. ಹೆಪ್ಪು ಇದೆಯಾ?”

“ಅರೆ ಅಕ್ಕಾ, ಅದಿಲ್ದೆ ಮನೆ ಹೆಂಗೆ? ಉಜೈರ್ ಬೈತಾನೆ, ಅಮ್ಮೀ ಫೆಂಕ್ ದೋ ಅಂತಾನೆ. ನಾನು ಎಸೆಯಲ್ಲ. ಬಿಲ್ಕುಲ್ ಎಸೆಯಲ್ಲ.”

ಅಡುಗೆಮನೆಯ ಕಪಾಟಿನಿಂದ ಒಂದು ಮಣ್ಣಿನ ಕುಡಿಕೆ ತಂದಳು. ಮೇಲೆ ತಟ್ಟೆ, ತಟ್ಟೆಯ ಮೇಲೆ ಕಲ್ಲು. ಬೆರಳು ಅದ್ದಿ ನಾಲಿಗೆಗೆ ಇಟ್ಟೆ.

ಅದೇ. ಮೊದಲು ಸಿಹಿ, ಆಮೇಲೆ ಗಂಟಲ ಹತ್ತಿರ ಸಣ್ಣ ಹುಳಿ. ಅವರು ಕಣ್ಣು ಕಿರಿದು ಮಾಡಿ ತಟ್ಟೆ ನೆಕ್ಕುತ್ತಿದ್ದ ಹುಳಿ. ಕಣ್ಣಿಗೆ ನೀರು ಬಂತು. ಒರೆಸಿಕೊಂಡು ಸೊಸೆಯ ಕಡೆ ತಿರುಗಿದೆ. ದುಃಖ ಆಮೇಲೆ ಪಡಬಹುದು, ಗೆದ್ದದ್ದನ್ನು ಆಗಲೇ ಹೇಳಬೇಕು.

“ನೋಡ್ದೇನೇ ರಮ್ಯ? ನಮ್ಮತ್ತೆ ಹೆಪ್ಪು! ಒಂದು ದಿನ ಕಡಿದಿಲ್ಲ!”

ಶಹರ್‌ಬಾನು ನನ್ನನ್ನು ನೋಡಿದಳು. ರಮ್ಯಳನ್ನು ನೋಡಿದಳು.

“ನಿಮ್ಮತ್ತೇದಾ? ಅಕ್ಕಾ… ಇದು ನಮ್ಮತ್ತೇದು. ಮೆಹಬೂಬ್ ಬೀದು.”

“ಏನೇ ಇಂಗಂತೀಯ? ನಾನೇ ಅಲ್ವಾ ತಂದುಕೊಟ್ಟಿದ್ದು?”

“ಭೈಯಾ ನಿಮಗೆ ಹೇಳ್ಲೇ ಇಲ್ವಾ? ಯಾ ಅಲ್ಲಾ. ಸಾಯೋ ತನಕ ಹೇಳ್ಲಿಲ್ವಾ?”

ಆಮೇಲೆ ಅವಳು ಹೇಳಿದ್ದು ಇಷ್ಟು. ನಾನು ಮಹೇಂದ್ರನ ಬಾಣಂತನಕ್ಕೆ ಚಿಕ್ಕಬಾಣಾವರಕ್ಕೆ ತವರಿಗೆ ಹೋದಾಗ ಹೆಪ್ಪಿನ ಜವಾಬ್ದಾರಿ ನಮ್ಮ ಯಜಮಾನರದು. ಅತ್ತೆ ಆಗಲೇ ಇರಲಿಲ್ಲ. ನಾನು ಮಗು ಎತ್ತಿಕೊಂಡು ವಾಪಸು ಬರುವ ಹಿಂದಿನ ಸಂಜೆ ಅವರು ಕುಡಿಕೆ ತೆಗೆದು ನೋಡಿದರು. ಖಾಲಿ. ಆಗಲೇ ಎಲ್ಲರ ಮನೆಯಲ್ಲೂ ದೀಪ ಹಚ್ಚಿದ್ದರು. ಯಾರೂ ಹೆಪ್ಪು ಕೊಡುವುದಿಲ್ಲ. ಹಿಂದಿನ ಓಣಿಗೆ ಓಡಿದರು. ಮೆಹಬೂಬ್ ಬೀ ಕೊಟ್ಟರು. ಮೊಸರಿಗೇನು ಹೊತ್ತು ಗೊತ್ತಾ ಎಂದು ನಕ್ಕು ಕೊಟ್ಟರು. ಲಕ್ಕಮ್ಮನಿಗೆ ಹೇಳಬೇಡಿ, ಕೊಂದುಬಿಡುತ್ತಾಳೆ ಎಂದು ಇವರು ಕೈ ಮುಗಿದು ಬಂದರು.

“ಅದು ಖಾಲಿ ಹೆಂಗಾಯ್ತು?” ಎಂದೆ.

“ಬೆಕ್ಕು ಕುಡೀತು ಅಂದ್ರಂತೆ.”

ಆ ಬೆಕ್ಕು ನನಗೆ ಗೊತ್ತು. ಅದಕ್ಕೆ ಪಂಚೆ ಇತ್ತು, ತೋಳಿಲ್ಲದ ಬನಿಯನ್ನೂ ಇತ್ತು.

“ಒಂದ್ ಸಲ ತಾನೆ?”

ಶಹರ್‌ಬಾನು ಸೆರಗು ಬಾಯಿಗೆ ಒತ್ತಿಕೊಂಡಳು. ಅದೇ ಅವಳ ಅತ್ತೆಯ ಹಾಗೆ.

“ಒಂದ್ ಸಲ ಅಲ್ಲ ಅಕ್ಕಾ. ನೀವು ತವರಿಗೆ ಹೋದಾಗೆಲ್ಲ. ನೀವು ಬಸ್ ಹತ್ತೋದು, ಭೈಯಾ ಬಟ್ಟಲು ತರೋದು. ಆಮೇಲೆ ನೀವೇ ಬಂದು ನಮಗೆ ಕೊಟ್ರಿ ನೋಡಿ, ಭಾಷಣ ಮಾಡಿ? ಆವತ್ತು ನಮ್ಮತ್ತೆ ರಾತ್ರಿಯೆಲ್ಲ ನಕ್ಕಿದ್ದು. ‘ಹೇಳಬೇಡ ಬೇಟಾ. ನಮ್ಮ ಮಗಳು ತವರಿಗೆ ಬಂದಿದಾಳೆ, ಇಸ್ಕೋ’ ಅಂದ್ರು.”

ನಾನು ಎದ್ದು ನಿಂತೆ. ವಂಶ ಹೋಯಿತು. ಸೂರ್ಯನೂ ಹೋದ, ಚಂದ್ರನೂ ಹೋದ. ಊರಿಗೆಲ್ಲ ಹಂಚಿ ಮೆರೆದದ್ದು ಯಾರದ್ದೋ. ಇಷ್ಟು ವರ್ಷ ಪಕ್ಕದಲ್ಲಿ ಮಲಗಿ, ಪ್ರತಿ ದಿನ ಮೊಸರು ತಿಂದು, “ನಮ್ಮವ್ವನ ಕೈ ರುಚಿ ಅಂದ್ರೆ ರುಚಿ ಕಣೇ” ಎನ್ನುತ್ತಿದ್ದರಲ್ಲ ಈ ಮನುಷ್ಯ! ಬೈಯೋಣವೆಂದರೆ ಎದುರಿಗಿಲ್ಲ. ಮುಖ ತೋರಿಸದೆ ತಪ್ಪಿಸಿಕೊಂಡಿದ್ದಾರೆ. ಬಾಲ್ಕನಿಗೆ ಹೋದೆ. ಆಕಾಶ ನೋಡಿ ಕೂಗಿದೆ.

“ಚಿಕ್ಕಹನುಮಯ್ಯಾ! ಏಯ್ ಚಿಕ್ಕಹನುಮಯ್ಯಾ! ಮೊಸರುಕಳ್ಳಾ!”

ಕೂಗಿದ ಮೇಲೆ ಗೊತ್ತಾಯಿತು ಏನು ಹೇಳಿದೆ ಎಂದು. ಬಾಯಿ ಮುಚ್ಚಿಕೊಂಡೆ. ಆಮೇಲೆ ಕೈ ತೆಗೆದೆ. ಇನ್ನು ಯಾವ ಆಯುಸ್ಸು ಕಮ್ಮಿಯಾಗಬೇಕು? ಇನ್ನೊಂದು ಸಲ ಕೂಗಿದೆ. ಕೂಗುತ್ತಾ ಕೂಗುತ್ತಾ ನಗು ಬಂತು. ನಗುತ್ತಾ ನಗುತ್ತಾ ಅಳು ಬಂತು. ತಿಥಿಯ ದಿನವೂ ಹಾಗೆ ಅತ್ತಿರಲಿಲ್ಲ. ಶಹರ್‌ಬಾನು ಒಂದು ಪಕ್ಕ, ರಮ್ಯ ಒಂದು ಪಕ್ಕ ಕೂತರು.

ನಾನು ಮೂಗು ಒರೆಸಿಕೊಂಡದ್ದೇ ತಡ, ರಮ್ಯ ಮೆತ್ತಗೆ ಕೇಳಿದಳು.

“ಅತ್ತೆ, ಹಂಗಾದ್ರೆ ಪಂದ್ಯ? ಇದು ಅತ್ತೆ ಹೆಪ್ಪಲ್ವಲ್ಲ.”

ಮೊಸರಲ್ಲಿ ಕಲ್ಲು ಹುಡುಕುವವಳು ಎಂದರೆ ಇವಳೇ.

“ಯಾಕಲ್ಲ? ಬಾನುಗೆ ಅವಳತ್ತೇದು. ನಿನಗೆ ನಿಮ್ಮತ್ತೇದು. ಯಾರ ಅತ್ತೆ ಅಂತ ಪಂದ್ಯದಲ್ಲಿ ಇತ್ತಾ? ಸುಮ್ನೆ ಬಟ್ಟಲು ಹಿಡಿ.”

ಹೊರಗೆ ಹೊತ್ತು ಮುಳುಗಿತ್ತು. ಎದುರಿನ ಫ್ಲಾಟುಗಳಲ್ಲಿ ದೀಪ ಹತ್ತಿತ್ತು. ನನ್ನ ಕೈ ಸ್ವಲ್ಪ ಹಿಂದೆ ಬಂತು. ಶಹರ್‌ಬಾನು ನೋಡಿದಳು.

“ಭೈಯಾ ಹೊತ್ತು ನೋಡಿ ಬರ್ತಿದ್ರಾ?” ಎಂದು ಬಟ್ಟಲು ತುಂಬಿಸಿದಳು. “ಮುಗಿದ್ರೆ ಮತ್ತೆ ಬನ್ನಿ ಅಕ್ಕಾ. ಮುಗೀದಿದ್ರೂ ಬನ್ನಿ.”

ಕೆಳಗೆ ಗೇಟಿನಲ್ಲಿ ವಾಚ್‌ಮನ್ ಎದ್ದು ನಿಂತ.

“ಯಮ್ಮಾ, ಮ್ಯಾಲಿಂದ ಕೇಳಿಸ್ತ್ರಿ. ನಾ ಸಣ್ಣಬೆಂಕೆಪ್ಪ ಅಂತ ಹಾಕೀನಲ್ರಿ. ಇದನ್ನ ಮೊದ್ಲ ಹೇಳಿದ್ರ ಆಗ್ತಿರ್ಲಿಲ್ಲೇನ್ರಿ?”

“ಈಗ ತಿದ್ದು” ಎಂದೆ. ನಿಂತು, ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಅವನು ತಿದ್ದಿದ.

ಸ್ಕೂಟಿ ಹತ್ತಿದೆ. ರಮ್ಯಳಿಗೂ ನನಗೂ ನಡುವೆ ಬಟ್ಟಲಿಗೆ ಜಾಗ ಬಿಟ್ಟು, ಎರಡೂ ಕೈಯಲ್ಲಿ ಹಿಡಿದು ಕೂತೆ.

“ಅತ್ತೆ, ಇನ್ನೂ ಮುಂದೆ ಬನ್ನಿ. ಮಧ್ಯೆ ಯಾಕಷ್ಟು ಜಾಗ?”

“ನಿಮ್ಮಾವ ಕೂತವ್ರೆ.”

ಅವಳು ಕನ್ನಡಿಯಲ್ಲಿ ನನ್ನನ್ನು ನೋಡಿದಳು.

“ಸ್ಕೂಟೀಲಿ ಮೂರ್ ಜನ ಕೂತ್ರೆ ಪೊಲೀಸ್ನೋರು ಫೈನ್ ಹಾಕ್ತಾರೆ ಅತ್ತೆ.”

“ಹಾಕ್ಲಿ. ಅವರ ಹೆಸರಿಗೇ ಬರ್ಕೊಳ್ಳಿ. ಹೆಸರು ನಾನ್ ಹೇಳ್ತೀನಿ.”